ಪ್ರಾರ್ಥನೆಯ ಗಂಟೆಗೆ ಎದ್ದು ಓಡಿದ ನರ್ಸು

ಅಕ್ಕಾ,

ರಜೆ ಹಾಕಿ ನೀನು ಹೇಳಿದ ಧ್ಯಾನಕೇಂದ್ರಕ್ಕೆ ಸುಖವಾಗಿ ಬಂದು ಸೇರಿದೆ. ಗೇಟಿನಲ್ಲೇ ಫೋನ್ ಇಸಿದುಕೊಂಡರು. ಇಲ್ಲಿ ಯಾರೂ ಮಾತಾಡುವಂತಿಲ್ಲ. ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆದದ್ದೇ ತಡ, ವಾರ್ಡಿನಲ್ಲಿ ರೋಗಿ ಕರೆದರೆಂದುಕೊಂಡು ಎದ್ದು ಓಡಿದೆ! ಪ್ರಾರ್ಥನಾಲಯದಲ್ಲಿ ವಯಸ್ಸಾದ ಕನ್ಯಾಸ್ತ್ರೀಯೊಬ್ಬರು ಮೊಣಕಾಲೂರಿ ಬೆಂಚಿಗೆ ತಲೆ ಆನಿಸಿದ್ದರು. ಪ್ರಜ್ಞೆ ತಪ್ಪಿದೆಯೇನೋ ಎಂದುಕೊಂಡೆ. ಹೋಗಿ ನಾಡಿ ಹಿಡಿದೆ. ಕಣ್ಣು ತೆರೆಯದೆ ಅವರೂ ನನ್ನ ಮಣಿಕಟ್ಟು ಹಿಡಿದು, "ನಂದು ಸರಿಯಾಗಿದೆ ಮಗಳೇ, ನಿಂದೇ ಓಡ್ತಿರೋದು. ಯೇಸು ಹತ್ರ ಸ್ವಲ್ಪ ಕೂತ್ಕೋ" ಎಂದು ಪಿಸುಗುಟ್ಟಿದರು.

ಕೂತೆ. ಮನಸ್ಸೆಲ್ಲ ಮನೆಯಲ್ಲೇ. ಅಮ್ಮನಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಮರೆಯಬೇಡ. ತಿಂದೆ ಎಂದು ಸುಳ್ಳು ಹೇಳುತ್ತಾಳೆ, ತಟ್ಟೆ ನೋಡು.

ಮತ್ತೆ ಗಂಟೆ. ಪ್ರಾರ್ಥನೆಗೇ ಎಂದು ಗೊತ್ತು; ಆದರೂ ಕಾಲು ಆಗಲೇ ಚಪ್ಪಲಿಯೊಳಗಿದೆ.

ನಿನ್ನ ತಂಗಿ