ಕ್ಷಮಾಪಣೆ ಬರೆಯಲಾರೆ, ಕಾಕಾ

ಅಫಜಲಪುರ
ಸೋಮವಾರ

ಸಮುದಾಯ ಭವನದ ಅಧ್ಯಕ್ಷರಾದ ಶಾಂತಲಿಂಗಪ್ಪ ಕಾಕಾ ಅವರಿಗೆ ಶರಣು.

ನಿಮ್ಮ ಮಗ ವಿಶ್ವಾರಾಧ್ಯನಿಗೆ ನಾನು ಕ್ಷಮಾಪಣೆ ಬರೆದುಕೊಟ್ಟರೆ ಮಕ್ಕಳ ಕ್ಲಾಸ್ ಮತ್ತೆ ನಡೆಸಬಹುದೆಂದು ಹೇಳಿ ಕಳುಹಿಸಿದ್ದೀರಿ. ಬರೆಯಲು ಕುಳಿತೆ, ಆಗಲಿಲ್ಲ.

ಶನಿವಾರ ಡಾನ್ಸ್ ಮುಗಿಸಿ ಮಕ್ಕಳಿಗೆ ಲಾಗ ಹಾಕುವುದನ್ನು ಕಲಿಸುತ್ತಿದ್ದೆ. ವಿಶ್ವಾರಾಧ್ಯ ಒಳಗೆ ನುಗ್ಗಿ, “ನಮ್ಮ ಮನಿ ಹುಡುಗಿ ಚಡ್ಡಿ ಮ್ಯಾಲ ಲಾಗಾ ಹಾಕ್ತದೇನು?” ಎಂದು ಚೀರಿದ. ತನ್ನ ಆರು ವರ್ಷದ ಮಗಳು ಸಿಂಚನಾಳ ಜಡೆ ಹಿಡಿದೆಳೆದು ಗೋಡೆಗೆ ಅಪ್ಪಳಿಸಿದ. ಅವಳ ಬಾಯಿಂದ ರಕ್ತ ಸುರಿಯಿತು. “ಬಿಡ್ರಿ, ಕೂಸು ಸಾಯ್ತದ!” ಎಂದು ಅವನ ಕೈ ಹಿಡಿದೆ. ನನ್ನ ಹೊಟ್ಟೆಗೆ ಒದ್ದು ಮತ್ತೆ ಮಗುವಿನ ಜಡೆಗೆ ಕೈ ಹಾಕಿದ. ಆಗ ಮೂಲೆಯಲ್ಲಿದ್ದ, ಕುಣಿತಕ್ಕೆ ಬಳಸುವ ಲೇಜಿಮ್ ಕೋಲು ಎತ್ತಿಕೊಂಡು ಅವನ ತಲೆಗೆ ಹೊಡೆದೆ. ಅವನು ಬೀಳುವವರೆಗೂ ಹೊಡೆದೆ.

ಅವನ ಹಣೆಗೆ ಒಂಬತ್ತು ಹೊಲಿಗೆ ಬಿದ್ದಿವೆಯಂತೆ. ಮಗುವಿನ ದವಡೆಯೇ ಮುರಿದಿದೆ. ಅವಳು ಲಾಗ ಹಾಕುವಾಗ ಬಿದ್ದಳೆಂದು ನೀವು ಪೊಲೀಸರಿಗೆ ಹೇಳಿದ್ದೀರಿ.

ಕಾಕಾ, ನೀವು ಬಾಗಿಲಲ್ಲೇ ನಿಂತಿದ್ದಿರಿ. ಗೋಡೆಗೆ ಬಡಿದಾಗ ಅವಳು ನನ್ನನ್ನು ಕರೆಯಲಿಲ್ಲ. “ಅಜ್ಜಾ” ಎಂದು ನಿಮ್ಮ ಕಡೆಗೆ ಕೈ ಚಾಚಿದಳು.

ಭವನಕ್ಕೆ ಬೀಗ ಹಾಕಿಸುವುದಿದ್ದರೆ ಹಾಕಿಸಿ. ನಾನು ಹೊಡೆದದ್ದನ್ನು ನಾಳೆ ಹತ್ತು ಗಂಟೆಗೆ ಠಾಣೆಯಲ್ಲಿ ಒಪ್ಪಿಕೊಳ್ಳುತ್ತೇನೆ. ನೀವೂ ದಯವಿಟ್ಟು ಬನ್ನಿ. ಸಿಂಚನಾಳ ಹಲ್ಲುಗಳಿಗೆ ಕಲಬುರಗಿಯಲ್ಲಿ ತಂತಿ ಕಟ್ಟಿದ್ದಾರೆ, ಮೂರು ವಾರ ಅವಳು ಬಾಯಿ ತೆರೆಯುವಂತಿಲ್ಲ. ಕಂಡದ್ದನ್ನು ನೀವೇ ಹೇಳಬೇಕು.

ಠಾಣೆಯ ಮುಂದೆ ನಿಮಗಾಗಿ ಕಾಯುವ,
ವಿದ್ಯಾವತಿ
ಡಾನ್ಸ್ ಟೀಚರ್