ಗುಬ್ಬಿಮನೆಯ ಹಾಲಕ್ಕಿಗಳು

ನನ್ನ ಜಗಳಗಂಟಿ ಅತ್ತೆಯವರಿಗೆ,

ಆ ಪೆಟ್ಟಿಗೆ ಮಾಡಿಸಿದ ದಿನ ನೆನಪಿದೆಯಾ? ಗುಬ್ಬಿಗೊಂದು ಮನೆ ಬೇಕೆಂದು ನಮ್ಮ ವಾಕಡ ಬಡಾವಣೆಯ ಬಡಗಿಗೆ ಕನ್ನಡದಲ್ಲೇ ಹೇಳಿ, ಗುಬ್ಬಿ ಇಷ್ಟಿರುತ್ತದೆಂದು ಮುಷ್ಟಿ ತೋರಿಸಿದಿರಿ. ಮರಾಠಿಯವನು ಪಾಪ, ಮುಷ್ಟಿ ಹೋಗುವಷ್ಟು ತೂತು ಕೊರೆದ. "ಅತ್ತಿ, ಇದರಾಗ ಗುಬ್ಬಿ ಅಲ್ರೀ, ಗೂಬಿ ಬರ್ತಾವ" ಎಂದು ನಕ್ಕೆ. "ಬರಲಿ ಬಿಡ, ಅವಕ್ಕೇನು ಮನಿ ಬ್ಯಾಡೇನು?" ಎಂದು ಅಡುಗೆಮನೆಯ ಕಿಟಕಿಯಾಚೆಯ ಮಳೆಮರಕ್ಕೆ ಕಟ್ಟಿಸಿಯೇಬಿಟ್ಟಿರಿ. ನೀವಿರುವ ತನಕ ಅದಕ್ಕೆ ಒಂದು ನೊಣವೂ ಬರಲಿಲ್ಲ.

ಈ ಬೇಸಿಗೆಯಲ್ಲಿ ಬಂದವು ಅತ್ತೆ! ಗೂಬೆಗಳೇ! ಮೂರು ಮರಿ ಮಾಡಿದವು. ಸಂಜೆ ನಾನು ಚಹಾ ಇಡುವ ಹೊತ್ತಿಗೆ ಮೂರೂ ತೂತಿಗೆ ಮುಖ ತುರುಕಿ, ತಲೆ ಮೇಲೆ ಕೆಳಗೆ ಆಡಿಸುತ್ತ ನನ್ನನ್ನೇ ದಿಟ್ಟಿಸುತ್ತಿದ್ದವು. ತಾಯಿ ಮಿಡತೆ ತಂದರೆ ದೊಡ್ಡದು ಉಳಿದೆರಡನ್ನು ತಳ್ಳಿ ಗುಳುಂ ಮಾಡುವುದು. ಹೊಟ್ಟೆ ತುಂಬಿದ ಮೇಲೆ ಅದೇ ತಮ್ಮನ ತಲೆಯ ಪುಕ್ಕ ನೇವರಿಸುವುದು. ಥೇಟ್ ನಿಮ್ಮ ಮಗ! ಸಣ್ಣದು ಮಾತ್ರ ಒಳಗೇ ರೆಕ್ಕೆ ಬಡಿದು ಪೆಟ್ಟಿಗೆ ಅಲುಗಾಡಿಸುತ್ತಿತ್ತು, ಹೊರಗೆ ಬರಲು ಪುಕ್ಕಲು.

ಅಷ್ಟರಲ್ಲಿ ಸೊಸೈಟಿಯ ಮೀಟಿಂಗ್ ಬಂತು. "ಘುಬಡ ಮ್ಹಣಜೇ ಅಪಶಕುನ! ಪೇಟೀ ಕಾಢಾ!" ಎಂದು ಚೇರ್ಮನ್ ಗುಡುಗಿದರು. ಗೂಬೆ ಅನಿಷ್ಟವಂತೆ, ಪೆಟ್ಟಿಗೆ ಆವತ್ತೇ ಇಳಿಸಬೇಕಂತೆ. ಹಾರಲು ಬರದ ಮರಿಗಳನ್ನು ಕಾಗೆಗಳು ಬಿಟ್ಟಾವೇ? ನೀವಿದ್ದಿದ್ದರೆ ಸೆರಗು ಸಿಕ್ಕಿಸಿ... ನಾನೋ, ನಾಲ್ಕು ಜನರೆದುರು ತುಟಿ ಪಿಟಕ್ಕೆನ್ನದವಳು. ಎದ್ದು ನಿಂತೆ ಅತ್ತೆ! "ಘುಬಡ ನಾಹೀ ಹೋ, ಪಿಂಗಳಾ ಆಹೇ!" ಗೂಬೆಯಲ್ಲ, ಪಿಂಗಳಾ ಎಂದೆ.

ಮುಂಜಾನೆ ಅದರ ದನಿ ಕೇಳಿದರೆ "ಹಾಲಕ್ಕಿ ನುಡೀತು, ಏನೋ ಚಲೋ ಸುದ್ದಿ ಅದ" ಎನ್ನುತ್ತಿದ್ದಿರಲ್ಲ? ಆ ಪುಟ್ಟ ಗೂಬೆಗೇ ಇಲ್ಲಿಯವರು ಪಿಂಗಳಾ ಎನ್ನುತ್ತಾರೆ, ಅದು ನುಡಿದರೆ ಇವರಿಗೂ ಶುಭವೇ. ಹೆಸರು ಕೇಳಿದ್ದೇ ತಡ, ಚೇರ್ಮನ್‌ರ ಮುದಿ ತಾಯಿ ಕೈ ಮುಗಿದರು. "ಪಿಂಗಳಾ? ಮಗ ರಾಹೂ ದೇ!" ಹಾಗಾದರೆ ಇರಲಿ ಬಿಡು ಎಂದು ಮಗನ ತೋಳೆಳೆದು ಕೂರಿಸಿದರು.

ಉಳಿದೆರಡು ಹಾರಿ ಹೋದ ಮೇಲೆ, ನಿನ್ನೆ ಸಂಜೆ ಸಣ್ಣದೂ ಹಾರಿತು. ದೊಪ್ಪನೆ ಕೊಂಬೆಯ ಮೇಲೆ ಬಿದ್ದು, ತೂರಾಡಿ, ಕೊನೆಗೂ ನೆಟ್ಟಗೆ ನಿಂತಿತು. ಕೆಳಗೆ ನಿಂತವರೆಲ್ಲ ಚಪ್ಪಾಳೆ! ಪಕ್ಕದ ಮನೆಗೆ ಹೊಸದಾಗಿ ಬಂದ ಬೆಂಗಳೂರಿನ ಹುಡುಗಿ, "ಸೂಪರ್ ಆಂಟಿ! ಈ ಬಾಕ್ಸ್ ಯಾರು ಇಟ್ಟಿದ್ದು?" ಎಂದು ಕೇಳಿದಳು.

ಎದೆಯುಬ್ಬಿಸಿ, "ನಮ್ಮವ್ವ" ಎಂದೆ. ಅತ್ತೆ ಎನ್ನಲು ಬಾಯಿ ತೆರೆದಿದ್ದೆ, ಬಂದದ್ದು ಅದು.