ತುಂಬಿಯೇ ಮರಳುವ ಬಾಟಲಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ನೀನು ಕಳಿಸಿದ ನೀಲಿ ಬಾಟಲಿ ಬಂತು, ಜೊತೆಗೆ ನಿನ್ನ ಬೈಗುಳವೂ ಬಂತು. ನರ್ಸಿಂಗ್ ಓದಲು ಹೋದ ಮೇಲೆ ನೀನೇ ನನಗೆ ಅಮ್ಮನಾಗಿಬಿಟ್ಟಿದ್ದೀಯ. ಸಂಜೆಯೊಳಗೆ ಎರಡು ಸಲ ಖಾಲಿ ಮಾಡಬೇಕೆಂದು ಅಪ್ಪಣೆ ಬೇರೆ! ಕೋಪಿಸಿಕೊಳ್ಳಬೇಡ, ಬಾಟಲಿ ದಿನಾ ನನ್ನ ಜೊತೆ ಕಾರ್ಖಾನೆಗೆ ಬರುತ್ತದೆ, ತುಂಬಿಕೊಂಡೇ ಮನೆಗೆ ಮರಳುತ್ತದೆ.

'ನೀರು ಕುಡಿದಷ್ಟು ಸುಲಭ' ಎಂದು ಮೊದಲು ಹೇಳಿದವರು ನಮ್ಮ ಸಾಲಿನಲ್ಲಿ ಕೂತು ಹೊಲಿದವರಲ್ಲ. ಇಡೀ ಸಾಲಿಗೆ ಒಂದೇ ಟೋಕನ್, ಸೂಪರ್‌ವೈಸರ್ ಮೇಜಿನ ಮೊಳೆಗೆ ತೂಗುತ್ತಿರುತ್ತದೆ. ಅದನ್ನು ಕೊರಳಿಗೆ ಹಾಕಿಕೊಂಡವಳು ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ಅವಳು ಬರುವವರೆಗೆ ಉಳಿದವರು ಹಲ್ಲು ಕಚ್ಚಿಕೊಂಡು ಕಾಲರ್ ಹೊಲಿಯಬೇಕು. ಇನ್ನೊಂದು ಟೋಕನ್ ಕೇಳೋಣವೆಂದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಪಕ್ಕದ ಮಿಷಿನ್ನಿನ ಹುಡುಗಿಗೆ ಈಗ ಏಳು ತಿಂಗಳು. ಗಳಿಗೆಗೊಮ್ಮೆ ಏಳಬೇಕು, ಪಾಪ. ಟೋಕನ್ ಅವಳಿಗೇ ಇರಲಿ ಎಂದು ನಾವೆಲ್ಲ ಮಾತಾಡಿಕೊಂಡು ನೀರು ಕುಡಿಯುವುದನ್ನೇ ಬಿಟ್ಟೆವು. ಅವಳಿಗೆ ಹೇಳಿಲ್ಲ. "ಅಕ್ಕಾ, ನಿಮಗೆಲ್ಲ ಬಾಯಾರಿಕೆನೇ ಆಗಲ್ವಾ?" ಎಂದು ಕೇಳುತ್ತಾಳೆ. "ನಾವು ಒಂಟೆ ಜಾತಿ ಕಣೇ, ನೀನು ಕುಡಿ" ಎಂದು ನಗಿಸುತ್ತೇನೆ. ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನೂ ಇದೇ ಸಾಲಿನಲ್ಲಿ ಕೂತಿದ್ದೆ. ಆಗ ನನಗಾಗಿ ಯಾರ್ಯಾರು ಬಾಯಾರಿ ಕೂತಿದ್ದರೋ, ನನಗೂ ಗೊತ್ತಾಗಿಲ್ಲ.

ನಡುವೆ ಸ್ವಲ್ಪ ಉರಿಮೂತ್ರ, ಜ್ವರ ಕಾಣಿಸಿಕೊಂಡಿತ್ತು. "ನೀರಿಗೇನಮ್ಮ ಬರ, ಚೆನ್ನಾಗಿ ಕುಡೀರಿ" ಎಂದರು ಡಾಕ್ಟರು. ಒಳ್ಳೆಯವರೇ, ಆದರೆ ಅವರ ಕೋಣೆಗೆ ಅಂಟಿಕೊಂಡೇ ಟಾಯ್ಲೆಟ್ ಇದೆ. ಈಗ ಪರವಾಗಿಲ್ಲ. ನೀನು ಪರೀಕ್ಷೆಯ ಕಡೆ ಗಮನ ಕೊಡು. ನಿನ್ನನ್ನು ನೋಡಬೇಕು ಅನಿಸುತ್ತಿದೆ, ಅಷ್ಟೇ.

ನಿನ್ನ
ಅಮ್ಮ

ಬರೆಯಲೋ ಬೇಡವೋ ಎಂದಿದ್ದ ಮಾತು: ಉತ್ತರವನ್ನು ಮನೆಗೆ ಹಾಕಬೇಡ, ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿಗೆ ಹಾಕು. ಗಾಬರಿಯಾಗಬೇಡ. ಹೊಲಿಯುತ್ತಿದ್ದವಳು ಮಿಷಿನ್ನಿನ ಮೇಲೇ ಬಿದ್ದೆನಂತೆ. ಸೋಂಕು ಕಿಡ್ನಿಗೆ ಏರಿದೆ, ಆದರೆ ಕೈ ಮೀರಿಲ್ಲ ಎನ್ನುತ್ತಾರೆ. ನಿನ್ನೆ ಆ ಹುಡುಗಿ ನೋಡಲು ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. ಅವಳಿಗೆ ಎಲ್ಲ ಗೊತ್ತಾಗಿದೆ. ನಾನು ಬಿದ್ದ ಮಾರನೆಯ ದಿನ ಟೋಕನ್ ತೆಗೆದು ಸೂಪರ್‌ವೈಸರ್ ಮುಂದಿಟ್ಟು, ಇನ್ನೊಂದು ಕೊಡುವವರೆಗೆ ಕೂರುವುದಿಲ್ಲ ಎಂದು ನಿಂತೇ ಇದ್ದಳಂತೆ. ಅವಳ ಹಿಂದೆ ಇಡೀ ಸಾಲು ಎದ್ದು ನಿಂತಿತಂತೆ. ಈಗ ಮೊಳೆಗೆ ಎರಡು ತೂಗುತ್ತಿವೆ. ನಿನ್ನ ನೀಲಿ ಬಾಟಲಿ ನನ್ನ ಪಕ್ಕದಲ್ಲೇ ಇದೆ. ಬೆಳಗಿನಿಂದ ಎರಡು ಸಲ ಖಾಲಿ ಮಾಡಿದೆ.